ಹಂಚಿನ ಮಾಡು, ಹದಿನಾಲ್ಕು ಕಂಬ ಮತ್ತು ಎಐ ಓಡಿಸಿದ ಸ್ಕ್ರಿಪ್ಟ್

ಮಲೆನಾಡಿನ ಒಂದು ಹಳೇ ತೊಟ್ಟಿ ಮನೆಯನ್ನು ದುರಸ್ತಿ ಮಾಡುವ ಮೊದಲು ಅದರ 3ಡಿ ಮಾದರಿ ಬೇಕು ಅಂತ ಮನೆಯವರು ಕೇಳಿದ್ದರು. ನಾನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು. ಗೋಡೆ, ಬಾಗಿಲು ಎಲ್ಲ ಬೇಗ ಆಗುತ್ತವೆ. ಮಾಡು, ಅಂದರೆ ಚಾವಣಿ, ಮಾತ್ರ ಹಾಗಲ್ಲ. ತೊಟ್ಟಿಯ ನಾಲ್ಕೂ ಕಡೆ ಒಳಗೆ ಇಳಿಯುವ ಇಳಿಜಾರು, ಹೊರಗೂ ಇಳಿಜಾರು, ಅದರ ತುಂಬ ಪಕಾಸು (ಇಳಿಜಾರಿನುದ್ದ ಹೋಗುವ ಮರದ ತೊಲೆ), ರೀಪು (ಪಕಾಸಿನ ಮೇಲೆ ಅಡ್ಡ ಹೊಡೆಯುವ, ಹಂಚು ಕೂರುವ ಪಟ್ಟಿ), ಸುಮಾರು 3,000 ಮಂಗಳೂರು ಹಂಚು. ಈ ಕೆಲಸಕ್ಕೆ ಮೊದಲ ಸಲ ಎಐ ಸಹಾಯಕನನ್ನು ಬ್ಲೆಂಡರ್ ಒಳಗೇ ಬಿಟ್ಟುಕೊಂಡೆ.

ಬ್ಲೆಂಡರ್‌ನಲ್ಲಿ ನಾವು ಮೌಸ್ ಹಿಡಿದು ಮಾಡುವ ಕೆಲಸದ ಬಹುಪಾಲನ್ನು ಪೈಥಾನ್ ಎಂಬ ಭಾಷೆಯ ಕೋಡಿನಲ್ಲೂ ಮಾಡಿಸಬಹುದು. ಹಾಗೆ ಬರೆದ ಕೋಡಿಗೆ ಸ್ಕ್ರಿಪ್ಟ್ ಅನ್ನುತ್ತಾರೆ. 2024ರ ನವೆಂಬರಿನಲ್ಲಿ ಎಂಸಿಪಿ ಎಂಬ ಮುಕ್ತ ಪದ್ಧತಿ ಬಂದ ಮೇಲೆ ಎಐ ಸಹಾಯಕರನ್ನು ಇಂಥ ಸಾಫ್ಟ್‌ವೇರ್‌ಗೆ ಜೋಡಿಸುವುದು ಸುಲಭವಾಯಿತು. ಬ್ಲೆಂಡರ್‌ಗೆ ಒಂದು ಆಡ್-ಆನ್ (ಹೆಚ್ಚುವರಿಯಾಗಿ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿದರೆ ಅದು ನಮ್ಮ ಕಂಪ್ಯೂಟರಿನಲ್ಲೇ ಕಿವಿಗೊಟ್ಟು ಕೂರುತ್ತದೆ. ಸಹಾಯಕ ಕಳಿಸಿದ ಕೋಡನ್ನು ಓಡಿಸಿ, ಬಂದ ಉತ್ತರವನ್ನು ಅದಕ್ಕೇ ಮರಳಿಸುತ್ತದೆ. ನಾವು ಹೇಳಬೇಕಾದದ್ದು ಏನು ಬೇಕು ಅನ್ನೋದನ್ನ ಮಾತ್ರ.

ಆ ಹೇಳುವುದರಲ್ಲೇ ಮೊದಲ ಎಡವಟ್ಟಾಯಿತು. ತೊಟ್ಟಿ ಒಂದು ಕಡೆ ನಾಲ್ಕು ಅಂಕಣ, ಇನ್ನೊಂದು ಕಡೆ ಮೂರು ಅಂಕಣ ಎಂದು ಬರೆದೆ. ಒಂದು ಕಡೆ ನಾಲ್ಕು ಕಂಬ, ಇನ್ನೊಂದು ಕಡೆ ಮೂರು ಕಂಬ ಬಂದವು. ಅಂಕಣ ಅಂದರೆ ಎರಡು ಕಂಬಗಳ ನಡುವಿನ ಜಾಗ ಅಲ್ವಾ? ನಾಲ್ಕು ಅಂಕಣಕ್ಕೆ ಐದು ಕಂಬ ಬೇಕು. ಸುತ್ತಲೂ ಎಣಿಸಿದರೆ ಹದಿನಾಲ್ಕು ಆಗಬೇಕಿತ್ತು, ಬಂದದ್ದು ಹತ್ತು. ಚಿತ್ರ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಅಚ್ಚುಕಟ್ಟಾಗಿತ್ತು. ಎಣಿಸಿದ್ದಕ್ಕೆ ಸಿಕ್ಕಿತು. ಆವತ್ತಿನಿಂದ ಪ್ರತಿ ಸ್ಕ್ರಿಪ್ಟಿನ ಕೊನೆಯಲ್ಲಿ ಲೆಕ್ಕ ಬರೆಸುತ್ತೇನೆ. ಎಷ್ಟು ವಸ್ತು ಆಯಿತು, ಅತಿ ಕೆಳಗಿನ ಬಿಂದು ಎಲ್ಲಿದೆ, ರೀಪಿಗೂ ಹಂಚಿಗೂ ನಡುವೆ ಎಷ್ಟು ಸಂದು ಇದೆ ಅಂತ. ಒಮ್ಮೆ ಇಡೀ ಹಂಚಿನ ಸಾಲು ರೀಪಿನಿಂದ ಮೂರು ಸೆಂಟಿಮೀಟರ್ ಮೇಲೆ ತೇಲುತ್ತಿತ್ತು. ಅದನ್ನು ತೋರಿಸಿದ್ದು ಆ ಲೆಕ್ಕವೇ.

ಹಂಚು ಹೊದಿಸುವ ಮೊದಲ ಸ್ಕ್ರಿಪ್ಟ್ ಬಹಳ ನಿಧಾನ. ಒಂದೊಂದು ಹಂಚಿಗೂ ಬ್ಲೆಂಡರ್‌ನ ಡೂಪ್ಲಿಕೇಟ್ ಆದೇಶ ಕರೆಯುತ್ತಿತ್ತು. ಪ್ರತಿ ಸಲ ಇಡೀ ದೃಶ್ಯ ಮತ್ತೆ ಲೆಕ್ಕವಾಗುತ್ತದೆ, ಪರದೆ ಮರಗಟ್ಟಿ ಕೂರುತ್ತದೆ. ಒಂದೇ ಹಂಚಿನ ಮೆಶ್ (ಆಕಾರದ ಜಾಲರಿ) ಇಟ್ಟುಕೊಂಡು ಎಲ್ಲ ಹಂಚೂ ಅದನ್ನೇ ಹಂಚಿಕೊಳ್ಳುವ ಹಾಗೆ ನೇರವಾಗಿ ಡೇಟಾದಲ್ಲಿ ಸೇರಿಸು ಅಂದೆ. ಎಲ್ಲಾ ಹಂಚು ಕೂತವು, ಫೈಲೂ ಹಗುರವಾಯಿತು. ಇನ್ನೊಂದು ತೊಂದರೆ ಹಳೇ ಕೋಡಿನದು. ಮೇಲ್ಮೈ ನುಣುಪು ಮಾಡುವ ಒಂದು ಸೆಟ್ಟಿಂಗನ್ನು ಬ್ಲೆಂಡರ್ 4.1 ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ, ವಸ್ತುವಿಗೆ ಬಣ್ಣ, ಹೊಳಪು ಕೊಡುವ ಮುಖ್ಯ ಶೇಡರಿನ ಕೆಲವು ಹೆಸರುಗಳು 4.0ರಲ್ಲಿ ಬದಲಾಗಿವೆ. ಸಹಾಯಕ ಮಾತ್ರ ಹಳೇ ಹೆಸರನ್ನೇ ಬರೆಯುತ್ತಿತ್ತು. ಈಗ ಮೊದಲು ಆವೃತ್ತಿ ಕೇಳು, ಹೆಸರುಗಳನ್ನು ಓದು, ಆಮೇಲೆ ಬರೆ ಎನ್ನುತ್ತೇನೆ.

ಇಷ್ಟೆಲ್ಲ ಚೆನ್ನಾಗಿ ಆಗುತ್ತಿದ್ದಾಗಲೇ ನಾನು ಓದುವುದನ್ನು ಬಿಟ್ಟೆ. ಅದು ಕೋಡ್ ತೋರಿಸುತ್ತದೆ, ನಾನು ಸರಿ ಅನ್ನುತ್ತೇನೆ, ಅಷ್ಟೇ. ಅಳತೆ ಪರೀಕ್ಷಿಸಲು ಅದು ಅಲ್ಲಲ್ಲಿ ಪುಟ್ಟ ಕ್ಯೂಬುಗಳನ್ನು ಇಟ್ಟಿತ್ತು. ಅವನ್ನು ತೆಗೆದು ಫೈಲ್ ಉಳಿಸು ಅಂದೆ. ಕ್ಯೂಬ್ ಎಂಬ ಹೆಸರಿನಿಂದ ಶುರುವಾಗುವ ಎಲ್ಲವನ್ನೂ ಅದು ಅಳಿಸಿತು. ನನ್ನ ಹದಿನಾಲ್ಕು ಕಂಬಗಳ ಹೆಸರೂ ಕ್ಯೂಬ್ 001, ಕ್ಯೂಬ್ 002 ಅಂತಲೇ ಇತ್ತು. ಆ ಕಂಬಗಳ ಬೋದಿಗೆಗಳನ್ನು (ಕಂಬದ ತಲೆಯ ಕೆತ್ತನೆಯ ಭಾಗ) ಫೋಟೋ ನೋಡಿಕೊಂಡು ಒಂದೊಂದನ್ನೇ ಕೈಯಾರೆ ತಿದ್ದಿದ್ದೆ. ಹಳೇ ಮರಗೆಲಸ, ಒಂದರ ಹಾಗೆ ಇನ್ನೊಂದಿಲ್ಲ. ಮಾಡಿನ ಕೆಲಸಕ್ಕೆ ಅಡ್ಡ ಬರುತ್ತವೆ ಅಂತ ಕಂಬಗಳನ್ನು ಮರೆಮಾಡಿಟ್ಟಿದ್ದರಿಂದ ಹೋದದ್ದು ಕಾಣಲೇ ಇಲ್ಲ. ಮಾರನೇ ದಿನ ಗೊತ್ತಾಯಿತು. ಬ್ಲೆಂಡರ್ ತಾನಾಗಿ ಇಡುವ ಹಿಂದಿನ ಒಂದು ಪ್ರತಿ ಇರುತ್ತದೆ. ಅಷ್ಟರಲ್ಲಿ ನಾಲ್ಕೈದು ಸಲ ಉಳಿಸಿದ್ದರಿಂದ ಅದರಲ್ಲೂ ಕಂಬ ಇರಲಿಲ್ಲ. ಮನೆಯವರಿಗೆ ಇಮೇಲ್ ಮಾಡಿದ್ದ ಹಳೇ ಫೈಲ್ ತೆಗೆದು ಎರಡು ದಿನದ ಕೆಲಸ ಮತ್ತೆ ಮಾಡಿದೆ. ತುಂಬಾ ಬೇಜಾರಾಯಿತು.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ವಸ್ತುಗಳಿಗೆ ಕನ್ನಡದಲ್ಲೇ ಸರಿಯಾದ ಹೆಸರು ಇಡುತ್ತೇನೆ, ಕಂಬ ಪೂರ್ವ 1, ಪಕಾಸು ಉತ್ತರ 7 ಅಂತ. ಸಹಾಯಕ ಮಾಡಿದ್ದೆಲ್ಲ ಅದರದ್ದೇ ಒಂದು ಕಲೆಕ್ಷನ್ (ವಸ್ತುಗಳ ಗುಂಪು) ಒಳಗೆ ಇರಬೇಕು, ಅಳಿಸುವುದಿದ್ದರೆ ಅದರೊಳಗೆ ಮಾತ್ರ. ಉಳಿಸುವ ಕೆಲಸ ಪೂರ್ತಿ ನನ್ನದು, ಸ್ಕ್ರಿಪ್ಟಿನದ್ದಲ್ಲ. ದೊಡ್ಡ ಸ್ಕ್ರಿಪ್ಟ್ ಓಡಿಸುವ ಮೊದಲು ಬೇರೆ ಹೆಸರಿನಲ್ಲಿ ಒಂದು ಪ್ರತಿ ತೆಗೆಯುತ್ತೇನೆ.

ಕೋಡ್ ಬರೆಯಲು ಬಾರದವರೂ ಓದಿ ನೋಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಿಮೂವ್, ಡಿಲೀಟ್ ಎಂಬ ಪದ ಕಂಡರೆ ನಿಲ್ಲಿ. ಓಎಸ್, ಸಬ್‌ಪ್ರೊಸೆಸ್ ಎಂದು ಕಂಡರೆ ಇನ್ನೂ ಜಾಸ್ತಿ ಹುಷಾರಾಗಿರಿ, ಅವು ಬ್ಲೆಂಡರ್ ಆಚೆಗಿನ ಫೈಲುಗಳನ್ನು, ಬೇರೆ ಪ್ರೋಗ್ರಾಂಗಳನ್ನು ಮುಟ್ಟುವ ದಾರಿ. ಬ್ಲೆಂಡರ್ ಒಳಗಿನ ಪೈಥಾನ್‌ಗೆ ಬೇಲಿ ಇಲ್ಲ. ನಿಮ್ಮ ಲಾಗಿನ್ನಿಗೆ ಯಾವ ಫೈಲ್ ಮುಟ್ಟಲು ಆಗುತ್ತದೋ ಅದನ್ನೆಲ್ಲ ಅದೂ ಮುಟ್ಟಬಲ್ಲದು. ಮನೆಯ ಫೋಟೋ, ಬ್ಯಾಂಕಿನ ಕಾಗದ, ಎಲ್ಲ. ಅದಕ್ಕೇ ಈ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಬೇರೆಯೇ ಒಂದು ಲಾಗಿನ್ ಮಾಡಿಕೊಂಡೆ. ಅದರಲ್ಲಿ ಈ ಮನೆಯ ಫೈಲುಗಳ ಹೊರತು ಬೇರೇನೂ ಇಲ್ಲ.

ಕೊನೆಗೆ ಉಳಿದದ್ದು ತೊಟ್ಟಿಯ ನಾಲ್ಕು ಒಳಮೂಲೆ. ಎರಡು ಇಳಿಜಾರು ಸೇರುವ ಗೆರೆಯಲ್ಲಿ ಸ್ಕ್ರಿಪ್ಟ್ ಹಂಚುಗಳನ್ನು ಓರೆಯಾಗಿ ಕತ್ತರಿಸಿ ಅಂಚಿಗೆ ಅಂಚು ಕೂಡಿಸಿತ್ತು. ನೋಡಲು ಬಹಳ ಚಂದ. ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಮಾಡಿನ ಕೆಲಸದ ಆಚಾರ್ರಿಗೆ ತೋರಿಸಿದೆ.

"ಹಿಂಗೆ ಕೂರ್ಸಿದ್ರೆ ಮೊದಲ್ನೇ ಮಳೆಗೇ ಸೋರ್ತದೆ ಮಾರಾಯ್ರೆ. ಮೂಲೇಲಿ ಹಂಚಿನ ಕೆಳಗೆ ತಗಡು ಬೇಕು. ಹಂಚು ಅದ್ರ ಮೇಲೆ ಎರಡೂ ಕಡೆಯಿಂದ ಬಂದು ನಿಲ್ಬೇಕು, ನಡುವೆ ನೀರು ಹೋಗೋಕೆ ಜಾಗ ಬಿಡ್ಬೇಕು."

"ತಗಡು ಎಷ್ಟು ಅಗಲ ಬೇಕು ಆಚಾರ್ರೇ?"

"ಒಂದೂವರೆ ಅಡಿ ಇರ್ಲಿ. ನಮ್ ಕಡೆ ಮಳೆಗೆ ಅಷ್ಟು ಬೇಕು."

ಅಲ್ಲೇ ಜಗಲಿಯ ಮೇಲೆ ಕೂತು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ತಗಡಿನ ಅಗಲ ಬರೆದೆ. ನಾಲ್ಕೂ ಮೂಲೆಯ ಹಂಚು ಹಿಂದೆ ಸರಿಸುವ ಕೋಡನ್ನು ಸಹಾಯಕ ಬರೆಯಿತು. ಓದಿದೆ, ಪ್ರತಿ ತೆಗೆದೆ, ಓಡಿಸಿದೆ. ಆಚಾರ್ರು ಪರದೆಯನ್ನು ಹತ್ತಿರ ಎಳೆದುಕೊಂಡು ಮೂಲೆ ಮೂಲೆ ನೋಡಿದರು. ಆಮೇಲೆ ಒಟ್ಟು ಎಷ್ಟು ಅಡಿ ರೀಪು ಬೇಕಾಗುತ್ತದೆ ಅಂತ ಕೇಳಿ ಚೀಟಿಯಲ್ಲಿ ಬರೆದುಕೊಂಡರು.