ಹೊಸ ಸೆಲ್ ಹಾಕಿದರೂ ಕೆಲಸ ಮಾಡದ ರಿಮೋಟ್ ಕೀ: ನಾನು ಸರಿಮಾಡಿದ ಬಗೆ

ನನ್ನ ಕಾರಿನ ರಿಮೋಟ್ ಕೀ ಒಂದೇ ಏಟಿಗೆ ನಿಂತಿದ್ದಲ್ಲ. ಮೊದಲು ದೂರದಿಂದ ಒತ್ತಿದರೆ ಬಾಗಿಲು ತೆರೆಯದಾಯಿತು. ಆಮೇಲೆ ಕಾರಿನ ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಒತ್ತಬೇಕಾಯಿತು. ಕೊನೆಗೆ ಏನು ಮಾಡಿದರೂ ಅಲ್ಲಾಡಲಿಲ್ಲ. ಸೆಲ್ ಹೋಗಿದೆ ಅಂತ ಬದಲಿಸಿದೆ. ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಸರ್ವೀಸ್ ಸೆಂಟರ್‌ನಲ್ಲಿ ಕೀಯನ್ನು ಬಿಚ್ಚಿಯೂ ನೋಡದೆ, ಹೊಸ ಕೀ ತರಿಸಿ ಪ್ರೋಗ್ರಾಂ ಮಾಡಿಸಿ (ಕಾರು ಅದನ್ನು ಗುರುತಿಸುವ ಹಾಗೆ ಜೋಡಿಸಿ) ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಕೊಳ್ಳಬಾರದು ಅಂತ ನಿರ್ಧರಿಸಿ ಕೂತೆ.

ಪುಶ್ ಸ್ಟಾರ್ಟ್ ಇರುವ ಕಾರಿನ ಕೀ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಬಟನ್ ಒತ್ತಿದಾಗ ರೇಡಿಯೋ ಸಿಗ್ನಲ್ ಕಳಿಸುವುದು ಒಂದು. ಇದು ಬಹಳಷ್ಟು ದೇಶಗಳಲ್ಲಿ 433.92 ಮೆಗಾಹರ್ಟ್ಸ್‌ನಲ್ಲಿ, ಉತ್ತರ ಅಮೆರಿಕ ಮತ್ತು ಜಪಾನ್‌ನಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ ಹೋಗುತ್ತದೆ. ಕೀ ಜೇಬಿನಲ್ಲಿದ್ದಾಗ ಕಾರು ಕಳಿಸುವ ಕರೆಗೆ ಉತ್ತರ ಕೊಡುವುದು ಎರಡನೆಯದು. ಆ ಕರೆ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನದು, ಒಂದೆರಡು ಮೀಟರ್ ಮಾತ್ರ ಮುಟ್ಟುತ್ತದೆ. ಮೂರನೆಯದು ಇಮ್ಮೊಬಿಲೈಜರ್ ಚಿಪ್‌ನ ಕೆಲಸ, ಅಂದರೆ ಇದು ತನ್ನದೇ ಕೀ ಅಂತ ಕಾರಿಗೆ ಗುರುತು ಹೇಳುವುದು; ಆ ಗುರುತು ಸಿಗದಿದ್ದರೆ ಕಾರು ಸ್ಟಾರ್ಟ್ ಆಗಲ್ಲ. ಈ ಚಿಪ್‌ಗೆ ಸೆಲ್ಲೇ ಬೇಡ, ಕಾರಿನಲ್ಲಿರುವ ತಂತಿಯ ಸುರುಳಿಯಿಂದ (ಕಾಯಿಲ್) ಬರುವ ಶಕ್ತಿಯಲ್ಲೇ ಓಡುತ್ತದೆ. ಈ ಮೂರರಲ್ಲಿ ಯಾವುದು ನಿಂತಿದೆ, ಯಾವುದು ನಡೀತಿದೆ ಅಂತ ನೋಡಿದರೆ ಅರ್ಧ ರಿಪೇರಿ ಆದ ಹಾಗೆ.

ಉದಾಹರಣೆಗೆ, ಕೀ ಜೇಬಲ್ಲಿಟ್ಟು ಸ್ಟಾರ್ಟ್ ಒತ್ತಿದರೆ ಕಾರು ಶುರುವಾಗುತ್ತದೆ, ಆದರೆ ಕೀಯ ಬಟನ್ ಒತ್ತಿದರೆ ಲಾಕ್ ಆಗಲ್ಲ ಅಂತಿಟ್ಟುಕೊಳ್ಳಿ. ಆಗ ಸೆಲ್ಲಿಗೂ ಟ್ರಾನ್ಸ್‌ಮಿಟರಿಗೂ ದೊಡ್ಡ ತೊಂದರೆ ಇಲ್ಲ, ಸಂಶಯ ಬಟನ್ ಮೇಲೆ. ಒಂದು ಬಟನ್ ಕೆಲಸ ಮಾಡಿ ಇನ್ನೊಂದು ಮಾಡದಿದ್ದರೂ ಹಾಗೇ. ನನ್ನ ಕೀಯಲ್ಲಿ ಬಟನ್ನೂ ಇಲ್ಲ, ಜೇಬಿನಿಂದ ಸ್ಟಾರ್ಟೂ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಸಿಗುತ್ತಿಲ್ಲ ಅಂತ ಬರುತ್ತಿತ್ತು. ಆದರೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಕಾರು ಶುರುವಾಗುತ್ತಿತ್ತು. ಅಂದರೆ ಸೆಲ್ ಬೇಕಾದ ಎರಡೂ ಕೆಲಸ ನಿಂತಿವೆ, ಸೆಲ್ ಬೇಡದ್ದು ನಡೀತಿದೆ. ಕೀಗೆ ಕರೆಂಟ್ ಸಿಗುತ್ತಿಲ್ಲ ಅನ್ನುವುದು ಅಲ್ಲಿಗೇ ಹೆಚ್ಚುಕಮ್ಮಿ ಗೊತ್ತಾಯಿತು.

ಹೀಗೆ ತಾಗಿಸಿ ಸ್ಟಾರ್ಟ್ ಮಾಡುವ ಜಾಗ ಎಲ್ಲ ಕಾರಲ್ಲೂ ಸ್ಟಾರ್ಟ್ ಬಟನ್ನೇ ಆಗಿರಲ್ಲ. ಕೆಲವದರಲ್ಲಿ ಕಪ್ ಇಡುವ ಜಾಗದಲ್ಲಿ, ಕೆಲವದರಲ್ಲಿ ಸ್ಟೀರಿಂಗ್ ಕಾಲಮ್ ಪಕ್ಕದಲ್ಲಿ ಇರುತ್ತದೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ. ಬಾಗಿಲು ತೆರೆಯಲು ಕೀ ಒಳಗೇ ಒಂದು ಲೋಹದ ಕೀ ಅಡಗಿರುತ್ತದೆ. ಕೀ ರಂಧ್ರ ಹೊರಗೆ ಕಾಣದಿದ್ದರೆ ಹಿಡಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಹುಡುಕಿ. ಹಾಗೆ ತೆರೆದಾಗ ಅಲಾರಂ ಹೊಡೆದುಕೊಳ್ಳಬಹುದು, ಹೆದರಬೇಡಿ. ಸಾಮಾನ್ಯವಾಗಿ ಕಾರು ಸ್ಟಾರ್ಟ್ ಆದ ತಕ್ಷಣ ಸುಮ್ಮನಾಗುತ್ತದೆ.

ಇನ್ನು ಸ್ಪೇರ್ ಕೀ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಅದು ಸರಿಯಾಗಿ ಕೆಲಸ ಮಾಡಿದರೆ ಕಾರಿನ ರಿಸೀವರ್ ಚೆನ್ನಾಗಿದೆ, ತೊಂದರೆ ಕೀಯಲ್ಲೇ. ಎರಡೂ ಒಟ್ಟಿಗೆ ನಿಂತಿದ್ದರೆ ಕೀ ಬಿಚ್ಚುವ ಕೆಲಸವೇ ಇಲ್ಲ, ಕಾರನ್ನು ನೋಡಬೇಕು. ಕಾರಿನ ದೊಡ್ಡ ಬ್ಯಾಟರಿ ಸೋತಿರಬಹುದು. ಕಾರು ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮುಗಿದಿದೆ ಅಂತಲೇ ಲೆಕ್ಕ. ಫ್ಯೂಸ್ ಹೋಗಿರಬಹುದು. ಕಾರಿನೊಳಗೆ ಹಾಕಿದ ಅಗ್ಗದ ಮೊಬೈಲ್ ಚಾರ್ಜರ್ ಅಥವಾ ಡ್ಯಾಶ್‌ಕ್ಯಾಮ್ ಸಿಗ್ನಲ್‌ಗೆ ಅಡ್ಡ ಬರುತ್ತಿರಬಹುದು. ಒಂದೇ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ತೊಂದರೆ ಬಂದರೆ ಅಲ್ಲಿನ ಯಾವುದೋ ರೇಡಿಯೋ ಉಪಕರಣದ ಕಿರಿಕಿರಿ. ನನ್ನ ಸ್ಪೇರ್ ಕೀ ದೂರದಿಂದಲೂ ಚೆನ್ನಾಗಿ ಕೆಲಸ ಮಾಡಿತು. ಹಾಗಾಗಿ ಕಾರಿನ ಕಡೆ ನೋಡಲೇ ಇಲ್ಲ.

ಕೀ ಬಿಚ್ಚಿದೆ. ಒಳಗಿದ್ದದ್ದು ಸಿಆರ್2032 ಅನ್ನುವ ಬಿಲ್ಲೆಯಂಥ ಸೆಲ್. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಅದೇ ಅಗಲದ 2025 ಇದರ ಜಾಗದಲ್ಲಿ ಕೂತುಬಿಡುತ್ತದೆ, ಆದರೆ 2.5 ಮಿಲಿಮೀಟರ್ ಮಾತ್ರ ದಪ್ಪ ಇರುವುದರಿಂದ, ಸೆಲ್ಲಿನಿಂದ ಕರೆಂಟ್ ತೆಗೆದುಕೊಳ್ಳುವ ಲೋಹದ ಪಟ್ಟಿಗೆ ಸರಿಯಾಗಿ ತಾಗದೇ ಇರಬಹುದು. ಮುಚ್ಚಳದಲ್ಲಿ ಬರೆದ ನಂಬರನ್ನೇ ಹಾಕಬೇಕು. ಮಕ್ಕಳು ಬಾಯಿಗೆ ಹಾಕದಿರಲಿ ಅಂತ ಕಹಿ ಲೇಪ ಹಚ್ಚಿದ ಸೆಲ್‌ಗಳು ಬರುತ್ತವೆ. ಆ ಲೇಪದಿಂದಲೇ ಕೆಲವು ಉಪಕರಣಗಳಲ್ಲಿ ಸಂಪರ್ಕ ಸರಿಯಾಗಿ ಆಗಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು. ಲೇಪ ಇರಲಿ ಬಿಡಲಿ, ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವ ಕಡೆ ಇಡಲೇಬೇಡಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು.

ಸೆಲ್ಲನ್ನು ಹೊರಗಿಟ್ಟು, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ 3.2 ವೋಲ್ಟ್ ತೋರಿಸಿತು. ಹೊಸ ಸೆಲ್ ತೋರಿಸುವುದೂ ಅಷ್ಟೇ. ಆದರೆ ಇಷ್ಟಕ್ಕೇ ನಂಬಬಾರದು. ಹಳತಾದ ಸೆಲ್ ಕೂಡ ಸುಮ್ನೆ ಇದ್ದಾಗ 3 ವೋಲ್ಟ್ ತೋರಿಸಿ, ಬಟನ್ ಒತ್ತಿ ಕರೆಂಟ್ ಎಳೆದಾಗ ಕುಸಿಯುತ್ತದೆ. ಚಳಿಯಲ್ಲಿ ಇನ್ನೂ ಜಾಸ್ತಿ. ಆದ್ದರಿಂದ ಸೆಲ್ಲನ್ನು ಅದರ ಜಾಗದಲ್ಲೇ ಕೂರಿಸಿ, ಮೀಟರಿನ ಎರಡು ಮೊನೆಗಳನ್ನು ಪಟ್ಟಿಗಳಿಗೆ ಹಿಡಿದು, ಬಟನ್ ಒತ್ತಿ ನೋಡಬೇಕು. ಒತ್ತಿದಾಗ ತೀರಾ ಇಳಿದರೆ ಸೆಲ್ ಬದಲಿಸಬೇಕು. ನನ್ನದು 3.2ರಿಂದ ಕದಲಲೇ ಇಲ್ಲ. ಇದು ಒಳ್ಳೆಯ ಸುದ್ದಿ ಅಲ್ಲ. ಯಾರೂ ಕರೆಂಟನ್ನೇ ಎಳೆಯುತ್ತಿಲ್ಲ ಅಂತ ಅರ್ಥ.

ಆಮೇಲೆ ಮೀಟರಿನ ಮೊನೆಗಳನ್ನು ಪಟ್ಟಿಯಿಂದ ತೆಗೆದು, ಆ ಪಟ್ಟಿಗಳಿಂದ ಹೊರಟು ಕೀಯ ಸರ್ಕ್ಯೂಟ್ ಬೋರ್ಡಿನಲ್ಲಿ ಓಡುವ ತಾಮ್ರದ ಗೆರೆಗಳಿಗೆ ಹಿಡಿದೆ. ಸೊನ್ನೆ. ಬೋರ್ಡಿನ ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದೆ, ಮೀಟರ್ 3.2ಕ್ಕೆ ಹಾರಿತು. ಬಿಟ್ಟರೆ ಮತ್ತೆ ಸೊನ್ನೆ. ಭೂತಗನ್ನಡಿ ತಂದು ಓರೆ ಬೆಳಕಿನಲ್ಲಿ ನೋಡಿದೆ. ಪ್ಲಸ್ ಪಟ್ಟಿಯ ಕಾಲು ಬೋರ್ಡಿಗೆ ಸೇರುವ ಕಡೆ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಬೆಸುಗೆ ಬಿರುಕು ಬಿಟ್ಟಿತ್ತು. ಕೀ ಬಿದ್ದಾಗೆಲ್ಲ ಸೆಲ್ಲಿನ ಭಾರ ಬೀಳುವುದು ಇದೇ ಕಾಲಿನ ಮೇಲೆ. ಹೊಸ ಸೆಲ್ ಹಾಕುವಾಗ ಪಟ್ಟಿ ಸ್ವಲ್ಪ ಅಲುಗಿ ಬಿರುಕು ಕೂಡಿಕೊಳ್ಳುತ್ತದೆ, ಅದಕ್ಕೇ ಸ್ವಲ್ಪ ದಿನ ಸರಿಹೋದ ಹಾಗೆ ಕಂಡಿತ್ತು. ಹೊಸ ಸೆಲ್ ಹಾಕಿದಾಗ ಸರಿಯಾಗಿ, ಮತ್ತೆ ಬೇಗ ಕೆಡುವ ಕೀಯಲ್ಲಿ ಈ ಬೆಸುಗೆಯನ್ನು ಮೊದಲು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸೆಲ್ ತೆಗೆದಿಟ್ಟೆ. ಲಿಥಿಯಂ ಸೆಲ್ ಇರುವಾಗ ಕಾದ ಸೋಲ್ಡರಿಂಗ್ ಐರನ್ ಹತ್ತಿರ ತರಲೇಬಾರದು. ಆಲ್ಕೋಹಾಲ್‌ನಿಂದ ಜಾಗ ಒರೆಸಿ, ಬೆಸುಗೆ ಚೆನ್ನಾಗಿ ಹಿಡಿಯಲು ಸ್ವಲ್ಪ ಫ್ಲಕ್ಸ್ ಹಚ್ಚಿ, ಸಣ್ಣ ಮೊನೆಯ ಐರನ್‌ನಿಂದ ಹಳೆಯ ಬೆಸುಗೆ ಕರಗಿಸಿ ಚೂರು ಹೊಸ ತವರ ಕೊಟ್ಟೆ. ಕಾಲನ್ನೂ ಬೋರ್ಡನ್ನೂ ಒಟ್ಟಿಗೆ ಬಿಸಿ ಮಾಡಬೇಕು, ಆದರೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬೋರ್ಡಿನ ತಾಮ್ರ ಎದ್ದುಬರಬಹುದು. ಆರಿದ ಬೆಸುಗೆ ನುಣುಪಾಗಿ ಕಾಲನ್ನು ಸುತ್ತಿಕೊಂಡಿತ್ತು. ಸೆಲ್ ಹಾಕಿ ಒತ್ತಿದೆ, ಲಾಕ್ ತೆರೆಯಿತು. ಮೊದಲಿನಷ್ಟೇ ದೂರದಿಂದ! ಪ್ರೋಗ್ರಾಂ ಮಾಡಿಸುವ ಮಾತೇ ಬರಲಿಲ್ಲ. ಹೆಚ್ಚಿನ ಕೀಗಳಲ್ಲಿ ಸೆಲ್ ತೆಗೆದರೂ ಕೋಡ್ ಅಳಿಸಿಹೋಗುವುದಿಲ್ಲ.

ಬಿಚ್ಚಿದಾಗಲೇ ಬಟನ್‌ಗಳನ್ನೂ ನೋಡಿದೆ. ರಬ್ಬರ್ ತೆಗೆದು, ಬೋರ್ಡಿನ ಪುಟ್ಟ ಸ್ವಿಚ್ಚನ್ನೇ ಮರದ ಕಡ್ಡಿಯಿಂದ ಒತ್ತಬೇಕು. ಹಾಗೆ ಕೆಲಸ ಮಾಡಿದರೆ ರಬ್ಬರ್ ಸವೆದಿದೆ, ಬರೀ ಶೆಲ್ (ಕೀಯ ಹೊರಕವಚ) ಬದಲಿಸಿದರೆ ಆಯಿತು. ಟಿಕ್ ಅನ್ನುವ ಸ್ಪರ್ಶ ಸಿಗದಿದ್ದರೆ ಸ್ವಿಚ್ಚೇ ಹೋಗಿದೆ. ಒಳಗೆ ಸಿಕ್ಕಿಕೊಂಡ ಬಟನ್ ಇನ್ನೂ ಕೆಟ್ಟದ್ದು, ಒತ್ತಿದ ಹಾಗೇ ಉಳಿದು ಹೊಸ ಸೆಲ್ಲನ್ನೂ ಬೇಗ ಕುಡಿದುಬಿಡುತ್ತದೆ. ಮಡಚುವ ಕೀಯ ಶೆಲ್ ಬದಲಿಸುವವರು ಇಮ್ಮೊಬಿಲೈಜರ್ ಚಿಪ್ ಮರೆಯಬೇಡಿ. ಎಷ್ಟೋ ಕೀಗಳಲ್ಲಿ ಅದು ಬೋರ್ಡಿನಲ್ಲಿ ಇರಲ್ಲ, ಶೆಲ್ಲಿನ ಗೂಡಿನಲ್ಲಿ ಕರಿ ತುಂಡಾಗಿ ಅಡಗಿರುತ್ತದೆ. ಹಳೆಯ ಶೆಲ್ ಜೊತೆ ಎಸೆದರೆ ಬಾಗಿಲು ತೆರೆಯುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗಲ್ಲ.

ಸೆಲ್ಲೂ ಬೆಸುಗೆಯೂ ಸರಿ ಇದ್ದು ಕೀ ಕೆಲಸ ಮಾಡದಿದ್ದರೆ ಮಾತ್ರ ಕೋಡ್ ತಪ್ಪಿದೆಯಾ ಅಂತ ನೋಡಬೇಕು. ಪ್ರತಿ ಸಲ ಒತ್ತಿದಾಗ ಕೀ ಹೊಸ ಕೋಡ್ ಕಳಿಸುತ್ತದೆ, ಕಾರು ಮುಂದಿನ ಕೆಲವನ್ನು ಮಾತ್ರ ಒಪ್ಪುತ್ತದೆ. ಕಾರಿನಿಂದ ದೂರದಲ್ಲಿ ಮಗು ಆಟಕ್ಕೆ ಒತ್ತುತ್ತಲೇ ಇದ್ದರೆ ಕೀ ಮುಂದೆ ಓಡಿಬಿಡುತ್ತದೆ. ಹಲವು ಕಾರುಗಳಲ್ಲಿ ಹತ್ತಿರ ನಿಂತು ಸತತ ಎರಡು ಸಲ ಒತ್ತಿದರೆ ಸರಿಹೋಗುತ್ತದೆ. ಆಗದಿದ್ದರೆ ಆಗ ಪ್ರೋಗ್ರಾಂ ಮಾಡಿಸಿ.

ಕೊನೆಯದಾಗಿ ಸ್ಪೇರ್ ಕೀಯ ಸೆಲ್ಲನ್ನೂ ಬದಲಿಸಿದೆ. ಬಳಸದೆ ಇಟ್ಟರೂ ಸ್ಮಾರ್ಟ್ ಕೀ ಕಾರಿನ ಕರೆಗೆ ಕಿವಿಗೊಟ್ಟೇ ಇರುತ್ತದೆ ಅಲ್ವಾ, ಸೆಲ್ ಸವೆಯುತ್ತಲೇ ಇರುತ್ತದೆ. ಕಾರಿನ ಹತ್ತಿರ ನೇತುಹಾಕಿದರೆ ಮಾತಿಗೆ ಮಾತು ನಡೆದು ಇನ್ನೂ ಬೇಗ ಖಾಲಿಯಾಗಬಹುದು. ಈಗ ಎರಡೂ ಕೀಗಳನ್ನು ಕಾರು ನಿಲ್ಲಿಸುವ ಜಾಗದಿಂದ ದೂರದ ಕೋಣೆಯಲ್ಲಿ ಇಡುತ್ತೇನೆ.