ಡಿಎನ್‌ಎ ಪಾಠಕ್ಕೆ ಮೊದಲು ಎರಡು ಸ್ಟ್ರಾಬೆರಿ ತನ್ನಿ

ಪುಣೆ ಮಂಡಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ಬರುತ್ತಿದೆ ಅಲ್ವಾ, ಮನೆಯಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಎರಡು ಹಣ್ಣು ಪಾಠಕ್ಕೆ ಎತ್ತಿಡಿ. ನನ್ನ ಮಗಳಿಗೆ ಜೀನ್, ಕ್ರೋಮೋಸೋಮ್, ಡಿಎನ್‌ಎ (ಜೀವಿಯ ಗುಣಗಳ ಮಾಹಿತಿ ಹೊತ್ತ, ಕೋಶದೊಳಗಿನ ಎಳೆ) ಮೂರೂ ಸುಮ್ನೆ ಬಾಯಿಪಾಠ ಆಗಿತ್ತು. ಕಣ್ಣಿಗೆ ಕಂಡ ಮೇಲೆ ಪ್ರಶ್ನೆ ಕೇಳಲು ಶುರು ಮಾಡಿದಳು.

ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಚೆನ್ನಾಗಿ ಹಿಸುಕಿ. ಅರ್ಧ ಲೋಟ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಚಮಚ ಉಪ್ಪು ಹಾಕಿ, ಅದರಲ್ಲಿ ಸ್ವಲ್ಪ ಚೀಲಕ್ಕೆ ಸುರಿದು, ನೊರೆ ಬರದಂತೆ ಮೆಲ್ಲಗೆ ಕಲಸಿ. ಸೋಪು ಜೀವಕೋಶದ ಪೊರೆ ಒಡೆಯುತ್ತದೆ. ಬಟ್ಟೆಯಲ್ಲಿ ಬೇರೆ ಲೋಟಕ್ಕೆ ಸೋಸಿ. ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಬಾಟಲಿಯನ್ನು ಮೊದಲೇ ಐಸ್ ನೀರಿನಲ್ಲಿಟ್ಟು ತಣ್ಣಗೆ ಮಾಡಿ, ಲೋಟದ ಅಂಚಿನಿಂದ ನಿಧಾನವಾಗಿ ಸುರಿಯಿರಿ. ಬಿಳಿ ಎಳೆಗಳು ಮೇಲೇಳುತ್ತವೆ. ಅದೇ ಡಿಎನ್‌ಎ, ಲಕ್ಷಾಂತರ ಕೋಶಗಳದ್ದು ಒಟ್ಟಿಗೆ ಸೇರಿದ್ದು. ಸ್ಪಿರಿಟ್‌ಗೆ ಬೇಗ ಬೆಂಕಿ ಹಿಡಿಯುತ್ತದೆ, ಗ್ಯಾಸ್ ಒಲೆಯ ಹತ್ತಿರ ಬೇಡವೇ ಬೇಡ. ಉಳಿದದ್ದನ್ನು ಯಾರೂ ಬಾಯಿಗೆ ಹಾಕಬಾರದು.

ಸ್ಟ್ರಾಬೆರಿಯೇ ಯಾಕೆ? ನಮ್ಮ ಕೋಶದಲ್ಲಿ ಕ್ರೋಮೋಸೋಮ್‌ಗಳ 2 ಸೆಟ್, ಒಟ್ಟು 46. ಸ್ಟ್ರಾಬೆರಿಯಲ್ಲಿ 8 ಸೆಟ್, ಒಟ್ಟು 56. ಇಷ್ಟು ಸೆಟ್ ಇರುವುದರಿಂದ ಕಣ್ಣಿಗೆ ಕಾಣುವಷ್ಟು ಡಿಎನ್‌ಎ ಸುಲಭವಾಗಿ ಸಿಗುತ್ತದೆ.

ಆಮೇಲೆ ಸ್ವೆಟರ್ ಹೆಣೆಯುವ ಉಲ್ಲನ್ ತೆಗೆದುಕೊಳ್ಳಿ. ದಾರ ಡಿಎನ್‌ಎ, ಸುತ್ತಿದ ಉಂಡೆ ಕ್ರೋಮೋಸೋಮ್, ದಾರದಲ್ಲಿ ಅಲ್ಲಲ್ಲಿ ಪೆನ್ನಿನಿಂದ ಬಣ್ಣ ಹಚ್ಚಿದ ತುಂಡು ಜೀನ್. ನಮ್ಮ ಒಂದು ಕೋಶದ ದಾರವನ್ನೆಲ್ಲ ಬಿಚ್ಚಿದರೆ ಸುಮಾರು 2 ಮೀಟರ್ ಅಂತ ಅಳೆದು ತೋರಿಸಿ, ಮಕ್ಕಳ ಮುಖ ನೋಡಿ!