ಆಲೂಗಡ್ಡೆಯ ಎಲೆ ಮತ್ತು ಹೋಳು: ರೋಗಾಣುವಿನ ಪುರಾವೆಯನ್ನು ತರಗತಿಯಲ್ಲಿ ಮಾಡಿ ತೋರಿಸುವ ಬಗೆ

ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ವಿಜ್ಞಾನಿಗಳು ಅದನ್ನು ಯಾವ ಪುರಾವೆಯ ಮೇಲೆ ಒಪ್ಪಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಸನ ಜಿಲ್ಲೆಯ ಶಿಕ್ಷಕರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮುಂಗಾರಿನಲ್ಲಿ ಇಲ್ಲಿನ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಯೇ ಆ ಚರಿತ್ರೆಯಲ್ಲಿ ಎರಡು ಬಾರಿ ಬರುತ್ತದೆ, ಮೊದಲು ರೋಗಿಯಾಗಿ, ಆಮೇಲೆ ಪ್ರಯೋಗಾಲಯದ ಸಲಕರಣೆಯಾಗಿ.

1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆ ಅಂಗಮಾರಿ ರೋಗಕ್ಕೆ ಸಿಕ್ಕಿ ಕೊಳೆಯಿತು, ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಎಲೆಯ ಮೇಲಿನ ಬಿಳಿ ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೂ, ಅತಿಯಾದ ತೇವದಿಂದ ಗಿಡ ಕೊಳೆಯಿತು, ಕೊಳೆತ ಮೇಲೆ ಬೂಷ್ಟು ಹುಟ್ಟಿತು ಎಂದೇ ಅನೇಕ ಪಂಡಿತರು ನಂಬಿದ್ದರು. ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್ಲಿ 1846ರಲ್ಲಿ ಬೂಷ್ಟೇ ರೋಗದ ಕಾರಣವೆಂದು ವಾದಿಸಿದರು; ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ 1861ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರು. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಬರುತ್ತದೆ ಎಂದು ನಮ್ಮ ರೈತರು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಈ ರೋಗಕ್ಕೆ ತೇವ ಬೇಕೇ ಬೇಕು. ಆದರೆ ತೇವವೊಂದೇ ಸಾಕೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಮೊದಲ ಪ್ರಯೋಗ ಇರುವುದು ಅದಕ್ಕಾಗಿಯೇ.

ಮೊಳಕೆ ಬಂದ ಗಡ್ಡೆಯೊಂದನ್ನು ತಿಂಗಳು ಮೊದಲೇ ಶಾಲೆಯ ಕುಂಡದಲ್ಲಿ ನೆಟ್ಟು ಬೆಳೆಸಿಕೊಳ್ಳಬೇಕು. ಹೊಲದ ಎಲೆಗಳಿಗೆ ಔಷಧಿ ಸಿಂಪಡಿಸಿರುವ ಸಂಭವವಿರುವುದರಿಂದ ಅವುಗಳನ್ನು ನಂಬುವಂತಿಲ್ಲ. ಮುಚ್ಚಳವಿರುವ ಎರಡು ಡಬ್ಬಿಗಳ ತಳಕ್ಕೆ ಒದ್ದೆ ಕಾಗದ ಹಾಸಿ, ಕುಂಡದ ಗಿಡದ ಕಲೆಯಿಲ್ಲದ ಎಲೆಗಳನ್ನು ಮೂರು ಮೂರರಂತೆ, ಕೆಳಮೈ ಮೇಲಾಗುವಂತೆ ಇಡಬೇಕು. ಅಂಗಮಾರಿ ಬಿದ್ದ ತಾಕಿನಿಂದ ಬೆಳಗಿನ ಹೊತ್ತು ಎಲೆಯೊಂದನ್ನು ತಂದರೆ, ಕಪ್ಪು ಕಲೆಯ ಅಂಚಿನಲ್ಲಿ, ಎಲೆಯ ಅಡಿಭಾಗದಲ್ಲಿ, ಬಿಳಿ ಬೂಷ್ಟು ಕಾಣುತ್ತದೆ. ಅದನ್ನು ಕುದಿಸಿ ಆರಿಸಿದ ಸ್ವಲ್ಪ ನೀರಿನಲ್ಲಿ ತೊಳೆದು, ಆ ನೀರನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಚೆನ್ನಾಗಿ ಕುದಿಸಿ ಆರಿಸಬೇಕು. ಕುದಿಸದ ಪಾಲಿನ ಹನಿಗಳನ್ನು ಒಂದು ಡಬ್ಬಿಯ ಎಲೆಗಳ ಮೇಲೆ, ಕುದಿಸಿದ್ದನ್ನು ಇನ್ನೊಂದರ ಎಲೆಗಳ ಮೇಲೆ ಹಾಕಿ, ಬಿಸಿಲು ತಾಗದ ತಂಪು ಜಾಗದಲ್ಲಿ ಒಂದು ವಾರ ಬಿಡಬೇಕು. ಎರಡರಲ್ಲೂ ತೇವ ಒಂದೇ, ಎಲೆಯೂ ಒಂದೇ ಗಿಡದ್ದು. ಕಪ್ಪು ಕಲೆ ಮತ್ತು ಬಿಳಿ ಬೂಷ್ಟು ಮೊದಲನೆಯದರಲ್ಲಿ ಮಾತ್ರ ಕಾಣಿಸಿಕೊಂಡರೆ, ವ್ಯತ್ಯಾಸಕ್ಕೆ ಜೀವಂತವಾಗಿದ್ದ ಏನೋ ಒಂದು ಕಾರಣ ಎನ್ನಲೇಬೇಕಾಗುತ್ತದೆ. ಎರಡನೆಯ ಡಬ್ಬಿಯ ಎಲೆಗಳು ಹಳದಿಯಾದರೆ ಅದು ಕಿತ್ತ ಎಲೆಯ ಸಹಜ ಸ್ಥಿತಿ, ರೋಗವಲ್ಲ. (ಈ ಜೀವಿಯನ್ನು ಈಗ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿಸುವುದಿಲ್ಲ, ವಾದಕ್ಕೆ ಇದರಿಂದ ಬಾಧಕವಿಲ್ಲ.)

ದನಕುರಿಗಳ ನೆರಡಿ (ಆಂಥ್ರಾಕ್ಸ್) ರೋಗಕ್ಕೆ ನಿರ್ದಿಷ್ಟವಾದ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ 1876ರಲ್ಲಿ ತೋರಿಸಿದರು. ಆದರೆ ಸೂಕ್ಷ್ಮಜೀವಿಗಳನ್ನು ಸಾರಿನಂಥ ದ್ರವದಲ್ಲಿ ಬೆಳೆಸಿದರೆ ಹಲವು ಜೀವಿಗಳು ಕಲೆತುಹೋಗುತ್ತವೆ. ಯಾವುದರಿಂದ ಯಾವ ರೋಗವೆಂದು ಹೇಳಬೇಕಾದರೆ ಅವುಗಳನ್ನು ಬೇರ್ಪಡಿಸಬೇಕು. ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಎದ್ದದ್ದನ್ನೂ, ಒಂದೊಂದು ಚುಕ್ಕೆಯಲ್ಲಿ ಒಂದೇ ಬಗೆಯ ಜೀವಿ ಇದ್ದದ್ದನ್ನೂ ಕಾಖ್ ಗಮನಿಸಿದರು. ಆಲೂಗಡ್ಡೆಯ ಮೇಲೆ ಬೆಳೆಯದ ರೋಗಾಣುಗಳೂ ಬಹಳ ಇದ್ದುದರಿಂದ ಮುಂದೆ ಜೆಲಟಿನ್, ಅನಂತರ ಕಾಖ್ ಅವರ ಸಹೋದ್ಯೋಗಿಯ ಪತ್ನಿ ಫ್ಯಾನಿ ಹೆಸ್ಸೆ ಅವರ ಸಲಹೆಯಂತೆ ಅಗರ್ (ಕಡಲಪಾಚಿಯಿಂದ ತೆಗೆದ, ಆರಿದರೆ ಗಟ್ಟಿಯಾಗುವ ಲೋಳೆ) ಬಳಕೆಗೆ ಬಂದವು.

ಕಾಖ್ ಕಂಡ ಚುಕ್ಕೆಗಳನ್ನು ತರಗತಿಯಲ್ಲಿ ತೋರಿಸಲು, ಸಿಪ್ಪೆ ಸುಲಿದ ಗಡ್ಡೆಯ ದಪ್ಪ ಹೋಳುಗಳನ್ನು ಒದ್ದೆ ಕಾಗದದೊಡನೆ ಎರಡು ಚಿಕ್ಕ ಗಾಜಿನ ಬಾಟಲಿಗಳಲ್ಲಿಟ್ಟು, ಮುಚ್ಚಳವನ್ನು ಸಡಿಲವಾಗಿ ಹಾಕಿ, ಪ್ರೆಶರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಬೇಕು. ತೆರೆದ ಪಾತ್ರೆ ಸಾಲದು: 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಗಡ್ಡೆಗೆ ಅಂಟಿದ ಮಣ್ಣಿನ ಕೆಲವು ಬೀಜಾಣುಗಳು ಆ ಬಿಸಿಯಲ್ಲಿ ಸಾಯುವುದಿಲ್ಲ. ಆರಿದ ಮೇಲೆ ಒಂದು ಬಾಟಲಿಯನ್ನು ತೆರೆಯದೆ ಬಿಗಿಮಾಡಿ, ಇನ್ನೊಂದನ್ನು ತರಗತಿಯ ಗಾಳಿಗೆ ಅರ್ಧ ಗಂಟೆ ತೆರೆದಿಟ್ಟು ಮುಚ್ಚಬೇಕು. ಜುಲೈನ ಚಳಿಯಲ್ಲಿ ತೆರೆದಿಟ್ಟ ಬಾಟಲಿಯ ಹೋಳಿನ ಮೇಲೆ ಚುಕ್ಕೆಗಳು ಕಾಣಿಸಿಕೊಳ್ಳಲು ನಾಲ್ಕೈದು ದಿನ ಹಿಡಿಯಬಹುದು. ಹೋಳನ್ನು ಮಕ್ಕಳ ಬೆರಳಿನಿಂದ ಮುಟ್ಟಿಸುವ ಪದ್ಧತಿ ಕೆಲವೆಡೆ ಇದೆ; ನಾನು ಅದನ್ನು ಒಪ್ಪುವುದಿಲ್ಲ, ಚರ್ಮದ ಮೇಲೆ ಕೀವು ತರಿಸುವ ಬ್ಯಾಕ್ಟೀರಿಯಾಗಳೂ ಇರುತ್ತವೆ.

ಚುಕ್ಕೆ ಎದ್ದ ಬಾಟಲಿಯನ್ನು ಯಾವ ಕಾರಣಕ್ಕೂ ಬಿಚ್ಚದೆ ಗಾಜಿನ ಹೊರಗಿನಿಂದಲೇ ನೋಡಿ, ಬಣ್ಣ, ಆಕಾರಗಳನ್ನು ಚಿತ್ರ ಬರೆಸಬೇಕು. ಕೆಲಸ ಮುಗಿದ ಮೇಲೆ ಶಿಕ್ಷಕರೇ ಮುಚ್ಚಳವನ್ನು ಸ್ವಲ್ಪ ಮಾತ್ರ ಸಡಿಲಿಸಿ, ಅಡುಗೆಗೆ ಬಳಸದ ಕುಕ್ಕರಿನಲ್ಲಿ ಮತ್ತೆ ಅರ್ಧ ಗಂಟೆ ಬೇಯಿಸಿ, ಆರಿದ ಅನಂತರ ಹೋಳುಗಳನ್ನು ಹೂಳಬೇಕು. ರೋಗದ ಎಲೆಗಳನ್ನು ಮಾತ್ರ ತಿಪ್ಪೆಗೆ ಹಾಕದೆ ಸುಡಬೇಕು, ಇಲ್ಲವಾದರೆ ಅಂಗಮಾರಿ ಪಕ್ಕದ ಹೊಲಕ್ಕೆ ಹರಡಬಹುದು.